ಸಲಾಡಿನ ಹದವಾದ ಕಾಲ ಚಳಿಗಾಲ

ಮಾರ್ಚ್ ಬಂತೆಂದರೆ ನನ್ನಲ್ಲಿಗೆ ಆಹಾರ ಸಲಹೆಗೆ ಬರುವವರು ತಪ್ಪದೆ ಕೇಳುವ ಪ್ರಶ್ನೆ: ‘ಸೆಕೆ ಶುರುವಾಯಿತು, ಇನ್ನು ಸಲಾಡ್ ತಿನ್ನಬಹುದಲ್ಲ?’ ಧಾರಾಳವಾಗಿ ತಿನ್ನಬಹುದು. ಆದರೆ ನಮ್ಮ ಬಯಲುಸೀಮೆಯಲ್ಲಿ ಹಸಿ ತರಕಾರಿ ತಿನ್ನಲು ಹದವಾದ ಕಾಲ ಅಷ್ಟರಲ್ಲಿ ಮುಗಿಯುತ್ತ ಬಂದಿರುತ್ತದೆ. ಮೂಲಂಗಿ, ಕ್ಯಾರೆಟ್, ಬಟಾಣಿ, ಲೆಟ್ಯೂಸ್ ಎಲ್ಲವೂ ತಂಪು ಬೇಡುವ ಬೆಳೆಗಳು. ಬಿಸಿಲು ಏರಿದಂತೆ ಲೆಟ್ಯೂಸ್ ಹೂದಂಟು ಎತ್ತಿ ಕಹಿಯಾಗುತ್ತದೆ, ಮೂಲಂಗಿ ನಾರು ಕಟ್ಟಿ ಖಾರವಾಗುತ್ತದೆ. ಮೇ ತಿಂಗಳಲ್ಲಿ ಬಾಡಿದ ಲೆಟ್ಯೂಸಿಗೆ ದುಬಾರಿ ಬೆಲೆ ಕೊಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಡಿಸೆಂಬರಿನಿಂದ ಫೆಬ್ರುವರಿವರೆಗೆ ಉತ್ತರ ಕರ್ನಾಟಕದ ಊಟದ ತಟ್ಟೆ ನೋಡಿ. ರೊಟ್ಟಿಯ ಪಕ್ಕದಲ್ಲಿ ಎಳೆಯ ಮೆಂತ್ಯ, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ ಹಸಿಯಾಗಿಯೇ ಬಂದು ಕೂರುತ್ತವೆ. ಜೊತೆಗೆ ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಗಳು, ಮೇಲೊಂದಿಷ್ಟು ಎಣ್ಣೆ ಅಥವಾ ಮೊಸರು. ಪೋಷಣೆಯ ಲೆಕ್ಕದಲ್ಲಿ ಇದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಸೊಪ್ಪು ಮತ್ತು ಕ್ಯಾರೆಟ್ಟಿನಲ್ಲಿರುವ ಕ್ಯಾರೋಟಿನ್ ದೇಹಕ್ಕೆ ಹತ್ತಬೇಕಾದರೆ ಕೊಬ್ಬು ಬೇಕು. ಹಿಂಡಿಯೂ ಎಣ್ಣೆಯೂ ಅದನ್ನು ಒದಗಿಸುತ್ತವೆ. ತೂಕ ಇಳಿಸುವ ಹಟದಲ್ಲಿ ಎಣ್ಣೆ, ತೆಂಗಿನಕಾಯಿ ಎರಡನ್ನೂ ಬಿಟ್ಟು ಬರೀ ಸೊಪ್ಪು ಜಗಿಯುವವರು ಇದನ್ನು ಗಮನಿಸಬೇಕು. ಒಂದು ಬಟ್ಟಲಿಗೆ ಒಂದು ಚಮಚ ಒಗ್ಗರಣೆ ಹೆಚ್ಚಲ್ಲ.

ಇದೇ ಕಾಲದಲ್ಲಿ ಹಸಿಗಡಲೆ, ಬಟಾಣಿ, ಬೆಟ್ಟದ ನೆಲ್ಲಿಕಾಯಿ ಕೂಡ ಸಿಗುತ್ತವೆ. ತುರಿದ ನೆಲ್ಲಿಕಾಯಿಯನ್ನು ನಿಂಬೆಯ ಬದಲು ಬಳಸಿ. ಅದರ ಸಿ ಜೀವಸತ್ವ ಕಾಳುಗಳ ಕಬ್ಬಿಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಅವರೆಕಾಳಿನ ವಿಷಯದಲ್ಲಿ ಮಾತ್ರ ಎಚ್ಚರ: ಅದನ್ನು ಹಸಿಯಾಗಿ ಹಾಕಬಾರದು. ಚೆನ್ನಾಗಿ ಬೇಯಿಸಿ, ನೀರು ಬಸಿದು, ಆರಿದ ಮೇಲೆ ಈರುಳ್ಳಿ, ಕೊತ್ತಂಬರಿಯೊಡನೆ ಕಲಸಬೇಕು. ಸೊಗಡಿನ ಅವರೆ ಸಿಕ್ಕರೆ ಬೇರೆ ಮಸಾಲೆಯ ಹಂಗಿಲ್ಲ.

ಬೇಸಿಗೆಯಲ್ಲಿ ನೀರಿನಂಶ ಮತ್ತು ಹುಳಿಯೇ ಮುಖ್ಯ. ರಾಮನವಮಿಯ ಹೆಸರುಬೇಳೆ ಕೋಸಂಬರಿಗೆ ಮಾವಿನಕಾಯಿ ತುರಿ ಬಿದ್ದದ್ದು ಸುಮ್ಮನೆ ಅಲ್ಲ; ಆಗ ಮರದಲ್ಲಿರುವುದೇ ಅದು. ಬೇಳೆಗೆ ಮುಕ್ಕಾಲು ಗಂಟೆ ನೆನೆ ಸಾಕು, ಉಗುರಿನಲ್ಲಿ ಒತ್ತಿದರೆ ಮುರಿಯಬೇಕು. ಸೌತೆಕಾಯಿಯ ತೂಕದಲ್ಲಿ ಸುಮಾರು ಶೇ 95ರಷ್ಟು ನೀರೇ ಇರುವುದರಿಂದ ಉಪ್ಪು ತಗುಲಿದ ಕೂಡಲೇ ಅದು ನೀರು ಬಿಡುತ್ತದೆ. ಆದ್ದರಿಂದ ಉಪ್ಪು, ಹುಳಿ ಎರಡೂ ಬಡಿಸುವ ಮುಂಚೆ. ಒಗ್ಗರಣೆಯನ್ನು ಆರಿಸಿ ಹಾಕಿ, ಇಲ್ಲದಿದ್ದರೆ ಮಾವಿನಕಾಯಿ ಮೆತ್ತಗಾಗುತ್ತದೆ. ಬಿಸಿಲಿಗೆ ನೀರು ಸಾಲದ ಬಳ್ಳಿಯ ಕಾಯಿ ಕಹಿಯಾಗುವುದುಂಟು. ತೊಟ್ಟಿನ ಕಡೆಯ ಚೂರೊಂದನ್ನು ತಿಂದು ನೋಡಿ. ತುಂಬ ಕಹಿಯಿದ್ದರೆ ಉಪ್ಪು ತಿಕ್ಕಿ ಉಳಿಸಿಕೊಳ್ಳಲು ಹೋಗದೆ ಇಡೀ ಕಾಯಿಯನ್ನೇ ಬಿಸಾಡಿ.

ಮಳೆಗಾಲದಲ್ಲಿ ನಾನು ಹಸಿ ಸೊಪ್ಪಿನ ಸಲಾಡನ್ನು ಯಾರಿಗೂ ಬರೆದುಕೊಡುವುದಿಲ್ಲ. ಕೆಸರು ಚಿಮ್ಮಿದ ಎಲೆಗಳ ಸಂದಿಯಲ್ಲಿ ಏನೆಲ್ಲ ಉಳಿದಿರುತ್ತದೋ, ಉಪ್ಪುನೀರಿನಲ್ಲಿ ಅದ್ದಿ ತೆಗೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ಮೊಳಕೆ ಕಾಳನ್ನೂ ನಂಬುವಂತಿಲ್ಲ. ಮೊಳಕೆ ಬರಲು ಬೇಕಾದ ಬೆಚ್ಚಗಿನ ತೇವವೇ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳಿಗೂ ಬೇಕು. ಕಾಳನ್ನು ಚೆನ್ನಾಗಿ ಬಿಸಿ ಹಾಯುವವರೆಗೆ ಹಬೆಯಲ್ಲಿ ಬೇಯಿಸಿ. ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರಿಗಂತೂ ಯಾವ ಕಾಲದಲ್ಲೂ ಹಸಿ ಮೊಳಕೆ ಬೇಡ.

ಹಾಗೆಂದು ಬಟ್ಟಲು ಖಾಲಿ ಇರಬೇಕಿಲ್ಲ. ಆಗಸ್ಟಿನಲ್ಲಿ ಎಳೆ ಮುಸುಕಿನ ಜೋಳ ಬರುತ್ತದೆ, ಅದರ ಬೆನ್ನಿಗೇ ಹಸಿ ಶೇಂಗಾ. ಎರಡನ್ನೂ ಬೇಯಿಸಿ ಬಿಡಿಸಿ, ಹಸಿಮೆಣಸು, ನಿಂಬೆರಸ, ಕಾಯಿತುರಿ ಬೆರೆಸಿದರೆ ಸಂಜೆಯ ಬೋಂಡಾ ಮರೆತುಹೋಗುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ, ಕಡಿಮೆಯಂತೂ ಆಗುತ್ತದೆ. ಮಲೆನಾಡಿನವರಿಗೆ ಈ ಹೊತ್ತಿಗೆ ಹಿತ್ತಲಿನ ಮುಳ್ಳುಸೌತೆ ಇರುತ್ತದೆ. ತೊಳೆದು, ಸಿಪ್ಪೆ ಹೆರೆದು, ಮೊಸರು ಸಾಸಿವೆಯಲ್ಲಿ ಕಲಸಿಕೊಂಡರೆ ಅವರಿಗೆ ನನ್ನ ಸಲಹೆ ಬೇಕಾಗದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 400 ಗ್ರಾಂ ತರಕಾರಿ ಇದೆ. ಸಾರಿನಲ್ಲಿ ತೇಲುವ ನಾಲ್ಕು ಹೋಳುಗಳಿಂದ ಇದು ತುಂಬುವುದಿಲ್ಲ. ಮಧ್ಯಾಹ್ನಕ್ಕೆ ಒಂದು ದೊಡ್ಡ ಬಟ್ಟಲು ಕೋಸಂಬರಿ ಅಥವಾ ಪಚಡಿ ಇದ್ದರೆ ಮೂರನೆಯ ಒಂದು ಪಾಲಾದರೂ ಸೇರುತ್ತದೆ. ಕಚೇರಿಗೆ ಒಯ್ಯುವವರು ಹೆಚ್ಚಿದ ತರಕಾರಿಯನ್ನು ಒಂದು ಡಬ್ಬಿಯಲ್ಲಿ, ಉಪ್ಪು ನಿಂಬೆಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಕಚೇರಿಯಲ್ಲಿ ಫ್ರಿಜ್ ಇಲ್ಲದಿದ್ದರೆ ಕಾಯಿತುರಿಯ ಬದಲು ಹುರಿದ ಶೇಂಗಾ ಪುಡಿ ಹಾಕಿಕೊಳ್ಳಿ. ತುರಿ ಮಧ್ಯಾಹ್ನದ ಹೊತ್ತಿಗೆ ಹಳಸಿರುತ್ತದೆ.