ಉಂಡೆ ತಾನಾಗಿ ಬಿಚ್ಚಿಕೊಳ್ಳುವವರೆಗೆ

"ಡಾಕ್ಟರೇ, ಚಳಿ ಶುರುವಾದ ಮೇಲೆ ಇದು ನಿದ್ದೆಗೆ ಹೋಗಿದೆ. ಎಬ್ಬಿಸಬಾರದೆಂದು ಸುಮ್ಮನೆ ಬಿಟ್ಟಿದ್ದೆವು. ನಾಲ್ಕು ದಿನವಾಯಿತು, ತಟ್ಟೆಯಲ್ಲಿಟ್ಟದ್ದು ಹಾಗೆಯೇ ಇದೆ" ಎಂದು ಹೇಳುತ್ತ ದಂಪತಿಗಳಿಬ್ಬರು ರಟ್ಟಿನ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ಒಳಗಿದ್ದದ್ದು ಹೆಡ್ಜ್‌ಹಾಗ್, ಬೆನ್ನ ತುಂಬ ಮುಳ್ಳಿರುವ, ಹೆದರಿದರೆ ಉಂಡೆಯಾಗುವ ಪುಟ್ಟ ಪ್ರಾಣಿ. ಅದು ಅರ್ಧ ಮುದುಡಿಕೊಂಡಿತ್ತು. ಪೂರ್ತಿ ಮುದುಡಲು ಬೇಕಾದ ಶಕ್ತಿ ಅದರಲ್ಲಿ ಉಳಿದಿರಲಿಲ್ಲ. ಬೆರಳನ್ನು ಮೆಲ್ಲಗೆ ಹೊಟ್ಟೆಯಡಿಗೆ ತೂರಿಸಿದೆ. ಬೆಚ್ಚಗಿರಬೇಕಾದ ಹೊಟ್ಟೆ ನೆಲದ ಕಲ್ಲಿನಷ್ಟು ತಣ್ಣಗಿತ್ತು.

ಅದು ನಿದ್ದೆಯಾಗಿರಲಿಲ್ಲ, ಸಾವಿನ ಹಾದಿಯಾಗಿತ್ತು. ಆ ದಂಪತಿಗಳಿಗೆ ಪ್ರಾಣಿಯ ಮೇಲಿನ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ. ಅವರು ಓದಿದ್ದು ಬೇರೊಂದು ಪ್ರಾಣಿಯ ವಿಷಯ, ಅಷ್ಟೆ. ಯುರೋಪಿನ ತೋಟಗಳಲ್ಲಿ ಓಡಾಡುವ ಕಾಡು ಹೆಡ್ಜ್‌ಹಾಗ್ ಚಳಿಗಾಲದಲ್ಲಿ ತಿಂಗಳುಗಟ್ಟಲೆ ನಿದ್ರಿಸುವುದು ನಿಜ. ಅದಕ್ಕಾಗಿ ಅದು ಶರತ್ಕಾಲವಿಡೀ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ, ಗೂಡು ಕಟ್ಟಿಕೊಳ್ಳುತ್ತದೆ, ಎದೆಬಡಿತವನ್ನು ನಿಮಿಷಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿಸಿಕೊಳ್ಳುತ್ತದೆ. ಮನೆಗಳಲ್ಲಿ ಸಾಕುವುದು ಅದನ್ನಲ್ಲ. ಸಾಕುಪ್ರಾಣಿಯಾಗಿ ಸಿಗುವುದು ಆಫ್ರಿಕಾದ ಹುಲ್ಲುಗಾವಲಿನಿಂದ ಬಂದ, ಹಿಂಗಾಲಿನಲ್ಲಿ ಐದರ ಬದಲು ನಾಲ್ಕೇ ಬೆರಳಿರುವ, ಅಂಗೈಯಲ್ಲಿ ಹಿಡಿಸುವ ಚಿಕ್ಕ ಜಾತಿ, ಆಫ್ರಿಕನ್ ಪಿಗ್ಮಿ ಹೆಡ್ಜ್‌ಹಾಗ್. ಬೆಚ್ಚನೆಯ ನಾಡಿನ ಈ ಜೀವಕ್ಕೆ ಮನೆಯ ಚಳಿಯಲ್ಲಿ ದೀರ್ಘನಿದ್ರೆಯನ್ನು ದಾಟಿ ಬರುವ ಸಿದ್ಧತೆ ಇರುವುದಿಲ್ಲ. ಮೈ ತಣ್ಣಗಾದಂತೆ ದೇಹದ ಕೆಲಸಗಳು ಒಂದೊಂದಾಗಿ ನಿಧಾನವಾಗುತ್ತವೆ, ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ, ಎಷ್ಟೋ ಸಲ ಅದು ಮತ್ತೆ ಏಳುವುದೇ ಇಲ್ಲ.

ಆದ್ದರಿಂದ ಹೆಡ್ಜ್‌ಹಾಗ್ ಸಾಕುವವರಿಗೆ ನಾನು ಹೇಳುವ ಮೊದಲ ಮಾತು ಇದು: ಈ ಪ್ರಾಣಿ ಸುಮ್ಮನಿದ್ದರೆ ಅದನ್ನು ನೆಮ್ಮದಿ ಎಂದುಕೊಳ್ಳಬೇಡಿ. ನಾಯಿ ನರಳುತ್ತದೆ, ಬೆಕ್ಕು ಕೂಗುತ್ತದೆ. ಹೆಡ್ಜ್‌ಹಾಗ್ ಭಯವಾದರೂ ಮುದುಡುತ್ತದೆ, ನೋವಾದರೂ ಮುದುಡುತ್ತದೆ, ನಿದ್ದೆ ಬಂದರೂ ಮುದುಡುತ್ತದೆ. ಯಾವ ಮುದುಡುವಿಕೆ ಯಾವುದು ಎಂದು ಗುರುತಿಸಲು ಕಲಿಯುವುದೇ ಅದನ್ನು ಸಾಕುವ ವಿದ್ಯೆ.

ಚಳಿಯ ವಿಷಯದಲ್ಲಿ ಗುರುತು ಸುಲಭ. ಹೊಟ್ಟೆಯ ಶಾಖ ನೋಡಿ. ನಿದ್ರಿಸುತ್ತಿರುವ ಆರೋಗ್ಯವಂತ ಹೆಡ್ಜ್‌ಹಾಗಿನ ಹೊಟ್ಟೆ ಬೆಚ್ಚಗಿರುತ್ತದೆ, ಮುಟ್ಟಿದರೆ ಅದು ಬುಸುಗುಟ್ಟುತ್ತದೆ. ಹೊಟ್ಟೆ ತಣ್ಣಗಿದ್ದು, ನಡೆದರೆ ತೂರಾಡುತ್ತಿದ್ದರೆ ಕೂಡಲೇ ಬೆಚ್ಚಗಾಗಿಸಬೇಕು. ಬೆಚ್ಚಗಾಗಿಸುವುದು ನಿಧಾನವಾಗಿ. ನಿಮ್ಮ ಅಂಗಿಯೊಳಗೆ ಮೈಗೆ ತಾಗುವಂತೆ ಇಟ್ಟುಕೊಳ್ಳಬಹುದು, ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಬಹುದು. ಬಿಸಿನೀರಿನಲ್ಲಿ ಅದ್ದಬೇಡಿ, ಹೀಟರ್ ಮುಂದೆ ಹಿಡಿಯಬೇಡಿ. ಮೈ ಬಿಸಿಯಾಗುವ ಮುನ್ನ ಬಾಯಿಗೆ ಏನನ್ನೂ ಹಾಕಬೇಡಿ. ಎದ್ದು ಓಡಾಡತೊಡಗಿದರೂ ಒಮ್ಮೆ ವೈದ್ಯರಿಗೆ ತೋರಿಸಿ, ಏಕೆಂದರೆ ಒಮ್ಮೆ ಹೀಗೆ ತಣ್ಣಗಾದದ್ದು ಮತ್ತೆ ತಣ್ಣಗಾಗುವ ಸಾಧ್ಯತೆ ಹೆಚ್ಚು.

ಅದರ ವಾಸಕ್ಕೆ ಹಿತವಾದ ಶಾಖ 24ರಿಂದ 29 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರನ್ನು ಗೋಡೆಗೆ ತೂಗುಹಾಕುವುದಲ್ಲ, ಅದು ಮಲಗುವ ನೆಲದ ಮಟ್ಟದಲ್ಲಿ ಇಡಬೇಕು. ನಿಮ್ಮ ಭುಜದ ಎತ್ತರದಲ್ಲಿ ಹಿತವಾಗಿರುವ ಕೋಣೆಯ ನೆಲ ತಣ್ಣಗೆ ಕೊರೆಯುತ್ತಿರಬಹುದು. ಶಾಖಕ್ಕೆ ಬೆಳಕು ಬೀರದ ಸೆರಾಮಿಕ್ ಹೀಟರನ್ನು, ಶಾಖವನ್ನು ಒಂದೇ ಮಟ್ಟದಲ್ಲಿಡುವ ಥರ್ಮೋಸ್ಟಾಟ್ ಜೊತೆಗೆ ಬಳಸುವುದು ಉತ್ತಮ. ಹಗಲು ಸುಮಾರು ಹನ್ನೆರಡು ಗಂಟೆ ಬೆಳಕೂ ಬೇಕು, ಏಕೆಂದರೆ ಕತ್ತಲು ಹೆಚ್ಚಾದರೂ ಅದರ ದೇಹ ಜಡತೆಗೆ ಜಾರಬಹುದು. ಸೆಕೆ ಹೆಚ್ಚಾದಾಗಿನ ಲಕ್ಷಣ ಬೇರೆ: ಕೈಕಾಲು ಚಾಚಿ ದೋಸೆಯಂತೆ ನೆಲಕ್ಕಂಟಿ ಮಲಗುತ್ತದೆ, ಏದುಸಿರು ಬಿಡುತ್ತದೆ.

ಕನ್ನಡದಲ್ಲಿ ಇದನ್ನೂ ಮುಳ್ಳುಹಂದಿ ಎಂದುಬಿಡುವವರಿದ್ದಾರೆ. ಆ ಹೆಸರು ತಂದಿಡುವ ಗೊಂದಲ ಸಣ್ಣದಲ್ಲ. ಮುಳ್ಳುಹಂದಿ ಇಲಿ, ಅಳಿಲುಗಳಂತೆ ಕಡಿದು ತಿನ್ನುವ ವಂಶದ್ದು. ಅದರ ಮುಳ್ಳು ಕಿತ್ತು ಬಂದು ಚುಚ್ಚಿದ ಜಾಗದಲ್ಲೇ ಉಳಿಯುತ್ತದೆ. ಹೆಡ್ಜ್‌ಹಾಗಿನ ನಂಟಸ್ತಿಕೆ ಸುಂಡಿಲಿಯೊಂದಿಗೆ. ಅದು ಹುಳುಹುಪ್ಪಟೆ ತಿನ್ನುವ ಪ್ರಾಣಿ. ಅದರ ಮುಳ್ಳುಗಳು ಗಟ್ಟಿಯಾದ, ಒಳಗೆ ಟೊಳ್ಳಾದ ಕೂದಲುಗಳೇ. ನಮ್ಮ ಉಗುರಿನಲ್ಲಿರುವ ಕೆರಾಟಿನ್ನಿಂದಲೇ ಆದವು. ಕೈಗೆ ಚುಚ್ಚಬಹುದು, ಕೈಯಲ್ಲಿ ನಾಟಿಕೊಂಡು ಉಳಿಯುವುದಿಲ್ಲ. ಬೆನ್ನ ಸುತ್ತ ಇರುವ ಸ್ನಾಯುವೊಂದು ಚೀಲದ ಬಾಯಿಗೆ ಪೋಣಿಸಿದ ದಾರದ ಹಾಗೆ ಬಿಗಿದುಕೊಂಡಾಗ ತಲೆ, ಕಾಲು, ಹೊಟ್ಟೆ ಎಲ್ಲವೂ ಒಳಗೆ ಸೇರಿ ಪ್ರಾಣಿ ಉಂಡೆಯಾಗುತ್ತದೆ.

ಆ ಉಂಡೆಯನ್ನು ಕೈಯಿಂದ ಬಿಡಿಸಲು ಹೋಗಬೇಡಿ. ಸಾಕತೊಡಗಿದವರು ಮಾಡುವ ದೊಡ್ಡ ತಪ್ಪು ಇದೇ. ಎರಡನೆಯದು, ಮೇಲಿನಿಂದ ಕೈ ಇಳಿಸಿ ಹಿಡಿಯುವುದು. ಕಾಡಿನಲ್ಲಿ ಅದರ ಮೇಲೆ ಎರಗುವುದು ಗೂಬೆ. ಮೇಲಿನಿಂದ ಇಳಿದು ಬರುವ ನೆರಳು ಅದರ ರಕ್ತದಲ್ಲೇ ಇರುವ ಭಯ. ಎರಡೂ ಕೈಗಳನ್ನು ನೆಲದ ಮೇಲೆ ಚಾಚಿ, ಎರಡು ಬದಿಗಳಿಂದ ಹೊಟ್ಟೆಯಡಿಗೆ ಸರಿಸಿ, ಬೊಗಸೆಯಲ್ಲಿ ನೀರೆತ್ತುವಂತೆ ಎತ್ತಬೇಕು. ಹೊಟ್ಟೆಯ ಕಡೆ ಮುಳ್ಳಿಲ್ಲ, ಮೆತ್ತನೆಯ ರೋಮವಿದೆ. ಹೆದರಿಕೆಯಾದರೆ ಆರಂಭದ ದಿನಗಳಲ್ಲಿ ತೆಳುವಾದ ಬಟ್ಟೆಯೊಂದನ್ನು ನಡುವೆ ಹಾಕಿಕೊಳ್ಳಿ. ದಪ್ಪ ಚರ್ಮದ ಕೈಗವಸು ಬೇಡ. ಅದರೊಳಗಿಂದ ನೀವು ಎಷ್ಟು ಬಿಗಿಯಾಗಿ ಹಿಡಿದಿದ್ದೀರಿ ಎಂಬುದು ನಿಮಗೆ ಗೊತ್ತಾಗುವುದಿಲ್ಲ, ನಿಮ್ಮ ವಾಸನೆ ಅದಕ್ಕೆ ಗೊತ್ತಾಗುವುದಿಲ್ಲ.

ಈ ವಾಸನೆಯ ಮಾತು ಮುಖ್ಯ. ಹೆಡ್ಜ್‌ಹಾಗಿನ ಕಣ್ಣು ಮಂದ, ಮೂಗು ಮತ್ತು ಕಿವಿ ಚುರುಕು. ಅದು ನಿಮ್ಮನ್ನು ಗುರುತಿಸುವುದು ಮುಖದಿಂದಲ್ಲ. ನೀವು ಉಟ್ಟು ಬಿಟ್ಟ, ಇನ್ನೂ ಒಗೆಯದ ಹತ್ತಿಯ ಬಟ್ಟೆಯೊಂದನ್ನು ಅದು ಮಲಗುವಲ್ಲಿ ಇಡಿ. ಪ್ರತಿ ಸಂಜೆ ಒಂದೇ ಹೊತ್ತಿಗೆ ಎತ್ತಿ ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ಕೂತುಬಿಡಿ. ಓದುತ್ತಿರಿ, ಮೆಲುದನಿಯಲ್ಲಿ ಮಾತಾಡುತ್ತಿರಿ, ಮುಟ್ಟುವ ಆತುರ ಬೇಡ. ಮೊದಲು ಹಣೆಯ ಮುಳ್ಳುಗಳು ಕಣ್ಣಿನ ಮೇಲಿಂದ ಹಿಂದೆ ಸರಿಯುತ್ತವೆ, ಆಮೇಲೆ ಒದ್ದೆಯಾದ ಮೂಗು ಹೊರಬಂದು ಗಾಳಿಯನ್ನು ಮೂಸುತ್ತದೆ, ಕೊನೆಗೆ ಕಾಲು. ಬುಸುಗುಟ್ಟಿದ ಕೂಡಲೇ ಹೆದರಿ ಗೂಡಿಗೆ ವಾಪಸು ಹಾಕಬೇಡಿ, ಬುಸುಗುಟ್ಟಿದರೆ ಬಿಡುಗಡೆ ಸಿಗುತ್ತದೆ ಎಂದು ಅದು ಕಲಿತುಬಿಡುತ್ತದೆ. ಸದ್ದು ನಿಂತು, ಮುಳ್ಳು ಮಲಗಿದ ಮೇಲೆ ಇಳಿಸಿ. ಕೆಲವು ವಾರದಲ್ಲಿ ಒಗ್ಗಿಕೊಳ್ಳುತ್ತವೆ, ಕೆಲವಕ್ಕೆ ತಿಂಗಳುಗಳು ಬೇಕು. ಜೀವಮಾನವಿಡೀ ಸಂಕೋಚದಲ್ಲೇ ಉಳಿದುಬಿಡುವವೂ ಇವೆ. ಇವು ಆಫ್ರಿಕಾದಿಂದ ಹೊರಬಂದು ಮನೆಗಳನ್ನು ಸೇರತೊಡಗಿದ್ದು 1980–90ರ ದಶಕಗಳಲ್ಲಿ. ನಾಯಿಗೆ ಸಾವಿರಾರು ವರ್ಷಗಳ ಒಡನಾಟವಿದೆ, ಇದಕ್ಕೆ ಅದಿಲ್ಲ. ಮಡಿಲಿಗೆ ಓಡಿಬರಲಿ ಎಂದು ನಿರೀಕ್ಷಿಸುವವರು ಬೇರೆ ಪ್ರಾಣಿಯನ್ನು ಸಾಕುವುದು ಇಬ್ಬರಿಗೂ ಒಳ್ಳೆಯದು.

ಎತ್ತುವ ಮುನ್ನ ವಾಸನೆಯಿಲ್ಲದ ಸೋಪಿನಿಂದ ಕೈ ತೊಳೆಯಿರಿ. ತಿಂಡಿಯ ವಾಸನೆಯಿರುವ ಬೆರಳನ್ನು ಅದು ಮೊದಲು ನೆಕ್ಕುತ್ತದೆ, ಆಮೇಲೆ ಕಚ್ಚುತ್ತದೆ. ಹೊಸ ವಾಸನೆ ಸಿಕ್ಕಾಗ ಇನ್ನೊಂದು ವಿಚಿತ್ರವನ್ನೂ ಕಾಣುತ್ತೀರಿ: ಆ ವಸ್ತುವನ್ನು ಅಗಿದು, ಬಾಯಲ್ಲಿ ನೊರೆ ತುಂಬಿಕೊಂಡು, ಕುತ್ತಿಗೆ ತಿರುಚಿ ಬೆನ್ನಿನ ಮುಳ್ಳುಗಳಿಗೆ ಆ ನೊರೆಯನ್ನು ಬಳಿದುಕೊಳ್ಳುತ್ತದೆ. ಹುಚ್ಚು ಹಿಡಿದಿದೆ, ಅಪಸ್ಮಾರ ಬಂದಿದೆ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವರಿದ್ದಾರೆ. ಅದು ಈ ಜಾತಿಯ ಸಹಜ ನಡವಳಿಕೆ.

ಗೂಡಿನ ವಿಷಯದಲ್ಲಿ ನಾನು ಹಟ ಹಿಡಿಯುವುದು ಎರಡಕ್ಕೆ. ಕಾಡಿನಲ್ಲಿ ಒಂದು ರಾತ್ರಿಗೆ ಹಲವು ಕಿಲೋಮೀಟರ್ ಅಲೆಯುವ ಪ್ರಾಣಿಗೆ ಓಡುವ ಚಕ್ರ ಬೇಕೇ ಬೇಕು. ಸುಮಾರು 30 ಸೆಂಟಿಮೀಟರ್ ಅಡ್ಡಳತೆಯ, ಓಡುವ ಮೇಲ್ಮೈ ಸಂದಿಲ್ಲದೆ ಪೂರ್ತಿ ಮುಚ್ಚಿರುವ ಚಕ್ರ. ಕಂಬಿಗಳಿರುವ ಚಕ್ರದಲ್ಲಿ ಕಾಲು ಸಿಕ್ಕಿ ಮುರಿಯುತ್ತದೆ. ಎರಡನೆಯದು, ಹಾಸುವ ಬಟ್ಟೆಯಿಂದ ಬಿಚ್ಚಿದ ಎಳೆ ಇರಕೂಡದು. ಒಂದು ನೂಲು, ಒಂದು ಉದ್ದ ಕೂದಲು ಕಾಲಿಗೆ ಸುತ್ತಿಕೊಂಡರೆ ಸಾಕು, ರಕ್ತ ಸಂಚಾರ ನಿಂತು ಕಾಲು ಊದಿಕೊಂಡು ಕಪ್ಪಾಗುತ್ತದೆ. ಇಂಥ ಕಾಲನ್ನು ಕತ್ತರಿಸಿ ತೆಗೆಯಬೇಕಾಗಿ ಬಂದಾಗಲೆಲ್ಲ ನನಗೆ ಸಂಕಟವಾಗಿದೆ, ಏಕೆಂದರೆ ಅದು ತಪ್ಪಿಸಬಹುದಾಗಿದ್ದ ನೋವು. ದಿನವೂ ನಾಲ್ಕು ಕಾಲನ್ನೂ ನೋಡಿ. ಉಗುರು ಬಾಗಿ ಅಂಗಾಲಿಗೆ ಚುಚ್ಚುತ್ತಿದೆಯೇ ಎಂಬುದೂ ಆಗಲೇ ಕಾಣುತ್ತದೆ. ಅಂಗಾಲು ಮುಳುಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಉಂಡೆ ತಾನಾಗಿ ಬಿಚ್ಚುತ್ತದೆ, ಉಗುರು ಕತ್ತರಿಸಲು ಅದೇ ಒಳ್ಳೆಯ ಸಮಯ.

ಆಹಾರಕ್ಕೆ ಕೊಬ್ಬು ಕಡಿಮೆಯಿರುವ, ಪ್ರೋಟೀನ್ ಹೆಚ್ಚಿರುವ ಬೆಕ್ಕಿನ ಒಣ ಆಹಾರ ದಿನಕ್ಕೆ ಒಂದೆರಡು ಚಮಚ, ಜೊತೆಗೆ ಸಾಕಿದ ಮಿಡತೆ, ಜೀರುಂಡೆಯಂಥ ಹುಳುಗಳು, ಆಗಾಗ ಬೇಯಿಸಿದ ಮೊಟ್ಟೆಯ ಚೂರು. ಮೀಲ್‌ವರ್ಮ್ ಎಂಬ ಹುಳುವೆಂದರೆ ಅವಕ್ಕೆ ಪ್ರಾಣ, ಆದರೆ ಅದರಲ್ಲಿ ಸುಣ್ಣದ ಅಂಶ ಕಡಿಮೆ, ರಂಜಕ ಮತ್ತು ಕೊಬ್ಬು ಹೆಚ್ಚು. ಅದನ್ನೇ ಊಟವಾಗಿಸಿದರೆ ಮೂಳೆ ಸವೆಯುತ್ತದೆ. ಹಾಲು ಬೇಡವೇ ಬೇಡ, ಭೇದಿಯಾಗುತ್ತದೆ. ಗಟ್ಟಿ ಕಾಳುಗಳು ಅಂಗುಳಕ್ಕೆ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ಕೊಡಬಾರದು. ಹೊರಗೆ ಹಿಡಿದ ಹುಳುಗಳ ಮೈಯಲ್ಲಿ ಕೀಟನಾಶಕವಿರಬಹುದು. ಪ್ರೀತಿಯಿಂದ ಅತಿಯಾಗಿ ತಿನ್ನಿಸಿ, ಉಂಡೆ ಕಟ್ಟಲೂ ಆಗದಷ್ಟು ದಪ್ಪಗಾಗಿ ಬರುವವು ಬಹಳ. ಮುದುಡಿದಾಗ ಮುಚ್ಚಿಕೊಳ್ಳದೆ ಹೊಟ್ಟೆ ಹೊರಗೆ ಇಣುಕುತ್ತಿದ್ದರೆ ತಟ್ಟೆಯಲ್ಲಿರುವುದನ್ನು ಕಡಿಮೆ ಮಾಡಿ.

ಮುಳ್ಳು ಉದುರಿದಾಗ ವಯಸ್ಸು ಕೇಳುತ್ತೇನೆ. ಆರೇಳು ವಾರದಿಂದ ಆರು ತಿಂಗಳವರೆಗಿನ ಮರಿಯಾದರೆ ಹಾಲುಹಲ್ಲು ಬಿದ್ದಂತೆ ಮರಿಮುಳ್ಳು ಬಿದ್ದು ದೊಡ್ಡ ಮುಳ್ಳು ಬರುತ್ತಿರಬಹುದು. ಆಗ ಮೈ ನೋಯುವುದರಿಂದ ಸ್ವಭಾವವೂ ಸಿಡುಕಾಗುತ್ತದೆ, ಸಹಿಸಿಕೊಳ್ಳಿ. ದೊಡ್ಡದರಲ್ಲಿ ಉದುರಿ, ಬುಡದಲ್ಲಿ ಹಿಟ್ಟು ಚೆಲ್ಲಿದಂತೆ ಚರ್ಮ ಬಿಳಿಚಿದ್ದರೆ ಅದು ನುಸಿ ಇಲ್ಲವೇ ಶಿಲೀಂಧ್ರ. ಆ ಶಿಲೀಂಧ್ರ ಮನುಷ್ಯರಿಗೂ ಹುಳುಕಡ್ಡಿಯಾಗಿ ಅಂಟುತ್ತದೆ. ನಾಯಿಯ ಉಣ್ಣೆಗೆ ತಂದಿಟ್ಟ ಔಷಧವನ್ನು ಅಂದಾಜಿನಲ್ಲಿ ಹನಿಸಬೇಡಿ, 400 ಗ್ರಾಂ ತೂಕದ ಪ್ರಾಣಿಗೆ ಒಂದು ಹನಿಯ ವ್ಯತ್ಯಾಸವೂ ದೊಡ್ಡದು.

ಅಂಟುವ ಇನ್ನೊಂದು ಸೋಂಕು, ಭೇದಿ ಮತ್ತು ಜ್ವರ ತರುವ ಸಾಲ್ಮೊನೆಲ್ಲಾ ಎಂಬ ರೋಗಾಣುವಿನದು. ಆರೋಗ್ಯವಾಗಿಯೇ ಕಾಣುವ ಹೆಡ್ಜ್‌ಹಾಗಿನ ಮಲದಲ್ಲಿ ಈ ರೋಗಾಣು ಇರಬಹುದು. 2019ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಕಿದ ಹೆಡ್ಜ್‌ಹಾಗುಗಳಿಂದ ಜನರಿಗೆ ಈ ಸೋಂಕು ಹರಡಿದಾಗ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಅವನ್ನು ಮುದ್ದಿಸಿ ಮುತ್ತು ಕೊಡಬೇಡಿ ಎಂದು ಜನರನ್ನು ಎಚ್ಚರಿಸಿತ್ತು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಚಕ್ರ, ತಟ್ಟೆಗಳನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಪ್ರಾಣಿಯನ್ನು ತರಬೇಡಿ ಎಂದೇ ನನ್ನ ಸಲಹೆ.

ಒಂದು ಗೂಡಿಗೆ ಒಂದೇ ಪ್ರಾಣಿ. ಅದು ಒಂಟಿ ಜೀವಿ, ಜೊತೆಯಿಲ್ಲದೆ ಕೊರಗುವುದಿಲ್ಲ. ಜೊತೆಗಿಟ್ಟ ಎರಡು ಗಂಡುಗಳು ಒಂದನ್ನೊಂದು ಕೊಲ್ಲುವಷ್ಟು ಕಾದಾಡಬಹುದು. ಕ್ಯಾಲಿಫೋರ್ನಿಯಾ, ಹವಾಯಿಯಂಥ ಕಡೆ ಇವುಗಳ ಸಾಕಣೆಗೇ ನಿಷೇಧವಿದೆ, ಆದ್ದರಿಂದ ತರುವ ಮುನ್ನ ನೀವಿರುವಲ್ಲಿನ ಕಾನೂನನ್ನು ನೋಡಿ. ಬೇಲಿಯ ಬದಿಯಲ್ಲಿ ಕಂಡ ಕಾಡಿನ ಹೆಡ್ಜ್‌ಹಾಗನ್ನು ಎಂದೂ ಮನೆಗೆ ತರಬೇಡಿ.

ಮೂರು ವರ್ಷ ದಾಟಿದ ಮೇಲೆ ನನಗೆ ಹೆಚ್ಚು ಕಾಣುವುದು ಗೆಡ್ಡೆಗಳು: ಬಾಯಿಯಲ್ಲಿ, ಕೆಚ್ಚಲಲ್ಲಿ, ಗರ್ಭಕೋಶದಲ್ಲಿ. ತೂರಾಟದ ಕಾಯಿಲೆ ಎಂದು ಕರೆಯಬಹುದಾದ ಇನ್ನೊಂದಿದೆ. ಹಿಂಗಾಲಿನಲ್ಲಿ ಆರಂಭವಾಗಿ, ನರಗಳು ಒಂದೊಂದಾಗಿ ಸೋತು, ಕೊನೆಗೆ ಪ್ರಾಣಿ ಮುದುಡಲೂ ಆಗದೆ ಮಲಗಿಬಿಡುತ್ತದೆ. ಅದಕ್ಕೆ ಮದ್ದಿಲ್ಲ. ಬಾಯಿಯ ಹತ್ತಿರ ಆಹಾರ ಹಿಡಿದು, ಬೆಚ್ಚಗಿಟ್ಟು, ಮಗ್ಗುಲು ಬದಲಿಸುತ್ತ ನೋಡಿಕೊಳ್ಳಬಹುದು, ನೋವು ಹೆಚ್ಚಾದಾಗ ಶಾಂತವಾಗಿ ಕಳುಹಿಸಿಕೊಡಬಹುದು. ಆದರೆ ತೂರಾಡುವುದೆಲ್ಲ ಈ ಕಾಯಿಲೆಯಲ್ಲ, ಚಳಿಯೂ ತೂರಾಡಿಸುತ್ತದೆ ಎಂಬುದನ್ನು ಮರೆಯಬೇಡಿ.

ಉಂಡೆಯೊಳಗೆ ಬೆಳೆಯುವ ಗೆಡ್ಡೆಯನ್ನು ನಾನು ನೋಡಬೇಕಾದರೂ ಎಷ್ಟೋ ಸಲ ಅರಿವಳಿಕೆಯ ಗಾಳಿ ಕೊಟ್ಟು ಮಲಗಿಸಬೇಕಾಗುತ್ತದೆ. ಮನೆಯವರ ಕೈಯಲ್ಲಿ ಅದಕ್ಕಿಂತ ಸರಳ ಉಪಕರಣವಿದೆ: ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಪ್ರಾಣಿಗೆಂದೇ ಬೇರೊಂದನ್ನು ಇಟ್ಟುಕೊಂಡು ವಾರಕ್ಕೊಮ್ಮೆ ತೂಗಿ ಬರೆದಿಡಿ. ಹತ್ತನೇ ಒಂದು ಭಾಗ ಇಳಿದರೆ ಕಾಯಬೇಡಿ, ಹೊರಟು ಬನ್ನಿ.

ಒಬ್ಬ ಹೆಣ್ಣುಮಗಳು ಹಾಗೆ ಬರೆದಿಟ್ಟ ಪುಸ್ತಕವನ್ನೇ ಹಿಡಿದು ಬಂದಿದ್ದರು. 410, 402, 391, 368. ಊಟ ಎಂದಿನಂತೆಯೇ, ಚಕ್ರ ಮಾತ್ರ ಮೂರು ರಾತ್ರಿಯಿಂದ ಮೌನ. ಹಾಸಿದ ಬಿಳಿ ಬಟ್ಟೆಯ ಮೇಲೆ ಎರಡು ಕಡೆ ಕೆಂಪು ಕಲೆ, ಅದನ್ನೂ ದಿನಾಂಕ ಹಾಕಿ ಬರೆದಿದ್ದರು. ಹೊಟ್ಟೆ ಪರೀಕ್ಷಿಸಿದಾಗ ಗರ್ಭಕೋಶದಲ್ಲಿ ಗೆಡ್ಡೆ ಸಿಕ್ಕಿತು, ಅದು ಬೇರೆಡೆಗೆ ಹಬ್ಬಿದಂತೆ ಕಾಣಲಿಲ್ಲ, ತೆಗೆದುಹಾಕಿದೆ. ಹನ್ನೆರಡನೆಯ ದಿನ ಹೊಲಿಗೆ ತೋರಿಸಲು ಬಂದಾಗ ಪುಸ್ತಕದಲ್ಲಿ ಹೊಸ ಸಾಲೊಂದಿತ್ತು: 377 ಗ್ರಾಂ, ನಡುರಾತ್ರಿ ಚಕ್ರದ ಸದ್ದು ಕೇಳಿಸಿತು.