ಕೆಳಗೆ ಓನರ್, ಮೇಲೆ ಬಾಡಿಗೆ: ಬ್ರೂಕ್ಲಿನ್‌ನ ಎರಡು ಸಂಸಾರದ ಮನೆಗಳು

ಕೆಳಗೆ ಓನರ್, ಮೇಲೆ ಬಾಡಿಗೆಯವರು. ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲೂ ಇದೇ ಲೆಕ್ಕ, ಅಲ್ಲಿ ಇದಕ್ಕೆ ಟೂ-ಫ್ಯಾಮಿಲಿ ಮನೆ ಅಂತಾರೆ. ಗೋಡೆಗೆ ಗೋಡೆ ಅಂಟಿಕೊಂಡು ಸಾಲಾಗಿ ನಿಂತ, ಕಂದು ಕಲ್ಲಿನ ಮುಖದ ಮೂರ್ನಾಲ್ಕು ಅಂತಸ್ತಿನ ಮನೆಗಳು. ಬೆಡ್ಫರ್ಡ್-ಸ್ಟೈವೆಸಂಟ್ ಬಡಾವಣೆಯಲ್ಲಿ ಇಂಥವು ಬೀದಿ ಬೀದಿಯಲ್ಲೂ ಇವೆ. ಜನ ಆ ಬಡಾವಣೆಯನ್ನು ಕರೆಯೋದು ಬೆಡ್-ಸ್ಟೈ ಅಂತ. ಈಗ ಅಲ್ಲಿ 20 ಲಕ್ಷ ಡಾಲರ್ ದಾಟಿದ ಮನೆ ಅಪರೂಪವೇನಲ್ಲ.

ಬೆಲೆ ಏರಿತು, ಹಳಬರು ಮಾರಿ ಹೋದರು ಅಂತ ಸುಮ್ನೆ ಹೇಳಿ ಮುಗಿಸಿಬಿಡುತ್ತಾರೆ. ಆದರೆ ಇಷ್ಟು ಗಟ್ಟಿಯಾದ ಮನೆಗಳ ಬೆಲೆ ಮೊದಲು ಬಿದ್ದಿದ್ದಾದರೂ ಹೇಗೆ? ಅದನ್ನು ಕೇಳದೆ ಈ ಕತೆ ಅರ್ಥವಾಗುವುದಿಲ್ಲ.

ಮನೆಗಳಲ್ಲಿ ಹೆಚ್ಚಿನವು 19ನೇ ಶತಮಾನದ ಕೊನೆಯಲ್ಲಿ, ಅನುಕೂಲಸ್ಥ ಬಿಳಿಯರಿಗಾಗಿ ಕಟ್ಟಿದವು. 1936ರಲ್ಲಿ ಎ ರೈಲು ಅನ್ನುವ ಸಬ್‌ವೇ ಬೆಡ್-ಸ್ಟೈಗೆ ಬಂತು. ಮ್ಯಾನ್‌ಹಾಟನ್‌ನಲ್ಲಿದ್ದ ಕಪ್ಪು ಜನರ ಇಕ್ಕಟ್ಟಿನ ಬಡಾವಣೆ ಹಾರ್ಲೆಮ್‌ನಿಂದ ಕಪ್ಪು ಕುಟುಂಬಗಳು ಅದೇ ದಾರಿ ಹಿಡಿದು ಇತ್ತ ಬಂದವು. ಎರಡು ವರ್ಷ ಕಳೆಯುವಷ್ಟರಲ್ಲಿ ಸರ್ಕಾರದ ಗೃಹಸಾಲ ನಿಗಮ ಎಲ್ಲಿ ಸಾಲ ಕೊಡೋದು ಎಷ್ಟು ಸುರಕ್ಷಿತ ಅಂತ ತೋರಿಸುವ ಬ್ರೂಕ್ಲಿನ್‌ನ ನಕ್ಷೆ ತಯಾರಿಸಿ, ಬೆಡ್-ಸ್ಟೈಗೆ ಕೊನೆಯ ದರ್ಜೆ ಕೊಟ್ಟು ಕೆಂಪು ಬಳಿಯಿತು. ಬಡಾವಣೆಗೆ ಬೆಲೆ ಕಟ್ಟುವ ಫಾರ್ಮಿನಲ್ಲಿ ಕಪ್ಪು ಜನ ಇದ್ದಾರಾ, ಎಷ್ಟಿದ್ದಾರೆ ಅಂತ ಬರೆಯೋದಕ್ಕೇ ಒಂದು ಜಾಗವಿತ್ತು. ಸಾಲಕ್ಕೆ ವಿಮೆ ಕೊಡುತ್ತಿದ್ದ ಇನ್ನೊಂದು ಸರ್ಕಾರಿ ಸಂಸ್ಥೆ, ಎಫ್‌ಎಚ್‌ಎ, ಇಂಥ ಬಡಾವಣೆಗಳಿಂದ ದೂರ ಉಳಿಯಿತು. ಬ್ಯಾಂಕುಗಳೂ ಅಷ್ಟೇ. ಸಾಲ ಸಿಗೋದೇ ಕಷ್ಟ ಅಂದಮೇಲೆ ಕೊಳ್ಳುವವರು ಕಡಿಮೆ, ರಿಪೇರಿಗೆ ದುಡ್ಡು ಕಡಿಮೆ, ಹಾಗೇ ಮನೆ ಬೆಲೆಯೂ ಕಡಿಮೆ.

ಅಂಥ ಹೊತ್ತಲ್ಲೂ ಜನ ಮನೆ ಕೊಂಡರು. ಹೇಗೆ ಗೊತ್ತಾ? ಚೀಟಿ ಹಾಕಿ! ಬಾರ್ಬಡೋಸ್, ಟ್ರಿನಿಡಾಡ್ ಮುಂತಾದ ಕೆರಿಬಿಯನ್ ದ್ವೀಪಗಳಿಂದ ಬಂದವರು ಪ್ರತಿ ವಾರವೋ ತಿಂಗಳೋ ಒಂದಿಷ್ಟು ಹಣ ಒಟ್ಟುಮಾಡಿ, ಸರದಿ ಪ್ರಕಾರ ಒಬ್ಬೊಬ್ಬರಿಗೆ ಇಡೀ ಮೊತ್ತ ಕೊಡುತ್ತಿದ್ದರು. ಟ್ರಿನಿಡಾಡ್‌ನವರು ಅದನ್ನು ಸೂಸು ಅನ್ನುತ್ತಾರೆ. ಮುಂಗಡಕ್ಕೆ ಆ ಹಣ, ತಿಂಗಳ ಕಂತಿಗೆ ಮೇಲಿನ ಮನೆಯ ಬಾಡಿಗೆ. ಮನೆಗೆಲಸ ಮಾಡುತ್ತಿದ್ದ ಹೆಂಗಸರು, ಫ್ಯಾಕ್ಟರಿಗೆ ಹೋಗುತ್ತಿದ್ದ ಗಂಡಸರು ಹೀಗೆ ಕಲ್ಲಿನ ಮನೆಗಳ ಒಡೆಯರಾದರು, ಎಷ್ಟೋ ಕಡೆ ಒಂದೊಂದು ರೂಮನ್ನೂ ಬಾಡಿಗೆಗೆ ಕೊಟ್ಟು, ತಾವು ಇಕ್ಕಟ್ಟಿನಲ್ಲಿದ್ದುಕೊಂಡು ಕಂತು ಕಟ್ಟಿದರು. ಈ ಬಡಾವಣೆಯ ಕತೆಯಲ್ಲಿ ನನಗೆ ದೊಡ್ಡದು ಅನ್ನಿಸೋದು ಇದೇ. ಬ್ಯಾಂಕು ಕೈಬಿಟ್ಟಾಗ ಈ ಮನೆಗಳನ್ನು ಉಳಿಸಿದ್ದು ಚೀಟಿ ಮತ್ತು ಬಾಡಿಗೆಯ ಮಹಡಿ.

ದಲ್ಲಾಳಿಗಳೂ ಸುಮ್ಮನಿರಲಿಲ್ಲ. ಕಪ್ಪು ಜನ ಬರ್ತಿದ್ದಾರೆ ಅಂತ ಬಿಳಿಯರನ್ನು ಹೆದರಿಸಿ ಅಗ್ಗಕ್ಕೆ ಕೊಂಡು, ಅದನ್ನೇ ಕಪ್ಪು ಕುಟುಂಬಗಳಿಗೆ ಜಾಸ್ತಿ ಬೆಲೆಗೆ ಮಾರಿದರು. 1966ರಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಇಲ್ಲಿನ ಬೀದಿಗಳಲ್ಲಿ ನಡೆದಾಡಿ ಹೋದರು, ಮರುವರ್ಷ ಬೆಡ್-ಸ್ಟೈ ಪುನರುಜ್ಜೀವನಕ್ಕೆ ಒಂದು ನಿಗಮ ಹುಟ್ಟಿತು. 1968ರ ಕಾನೂನು ಮನೆ ಮಾರಾಟದಲ್ಲಿ, ಬಾಡಿಗೆಯಲ್ಲಿ ಜನಾಂಗ ನೋಡುವುದನ್ನು ನಿಷೇಧಿಸಿತು. 1977ರದ್ದು, ತಮ್ಮ ಸುತ್ತಲಿನ ಬಡ ಬಡಾವಣೆಗಳಿಗೂ ಸಾಲ ಕೊಡಿ ಅಂತ ಬ್ಯಾಂಕುಗಳಿಗೆ ಹೇಳಿತು.

ಸಾಲ ಬಂತು ನಿಜ, ಆದರೆ 2000ದ ನಂತರ ಬಂದಿದ್ದರಲ್ಲಿ ಬಹಳಷ್ಟು ಕೆಟ್ಟ ಸಾಲ. ಮನೆ ಇದೆ, ಕೈಯಲ್ಲಿ ದುಡ್ಡಿಲ್ಲ ಅನ್ನುವ ವಯಸ್ಸಾದವರಿಗೆ ದುಬಾರಿ ಬಡ್ಡಿಯ ಸಬ್‌ಪ್ರೈಮ್ ಸಾಲ ಹೊರಿಸಿದರು. 2008ರ ಕುಸಿತದಲ್ಲಿ ನ್ಯೂಯಾರ್ಕ್‌ನಲ್ಲಿ ಜಪ್ತಿಗೆ ಹೆಚ್ಚು ಸಿಕ್ಕಿದ್ದು ಇಂಥ ಕಪ್ಪು ಬಡಾವಣೆಗಳ ಮನೆಗಳೇ. ಸಹಿ ಹಾಕಿಸಿಕೊಂಡು ಮನೆಯ ಪತ್ರವನ್ನೇ ಲಪಟಾಯಿಸುವ ಮೋಸಗಾರರು ಬೇರೆ. ಹಾಗೆ ಪತ್ರ ಕದಿಯುವುದನ್ನು ನ್ಯೂಯಾರ್ಕ್ ರಾಜ್ಯ ಪ್ರತ್ಯೇಕ ಅಪರಾಧ ಅಂತ ಮಾಡಿದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳು ಕೈತಪ್ಪಿ ಹೋಗಿದ್ದವೋ.

ಈಗ ಕೊಳ್ಳುವವರಿಗೆ ಬಾಗಿಲು ಅಗಲವಾಗಿದೆ. ತಾನೇ ವಾಸ ಮಾಡುವ ಓನರ್‌ಗೆ, ಸಾಲದ ಮೊತ್ತ ಮಿತಿಯೊಳಗಿದ್ದರೆ, ಅದೇ ಎಫ್‌ಎಚ್‌ಎ ಶೇ. 3.5 ಮುಂಗಡಕ್ಕೆ ಸಾಲದ ವಿಮೆ ಕೊಡುತ್ತದೆ. ಮೇಲಿನ ಮನೆಯ ಬಾಡಿಗೆಯಲ್ಲಿ ಮುಕ್ಕಾಲು ಭಾಗವನ್ನು ಆದಾಯ ಅಂತಲೂ ಹಿಡಿಯುತ್ತದೆ. ಅಂದು ಚೀಟಿಯವರು ಹಾಕಿದ್ದ ಲೆಕ್ಕವೇ ಅಲ್ವಾ ಇದು? ತೆರಿಗೆಯೂ ಹಗುರ. 1981ರ ಕಾನೂನಿನ ಪ್ರಕಾರ ಒಂದರಿಂದ ಮೂರು ಸಂಸಾರದ ಮನೆಗಳ ತೆರಿಗೆ ಮೌಲ್ಯ ವರ್ಷಕ್ಕೆ ಶೇ. 6, ಐದು ವರ್ಷಕ್ಕೆ ಶೇ. 20ಕ್ಕಿಂತ ಜಾಸ್ತಿ ಏರುವಂತಿಲ್ಲ.

ಬಾಡಿಗೆಯವರಿಗೆ ಅಂಥ ಮಿತಿ ಇಲ್ಲ. ನಗರದ ಬಾಡಿಗೆ ನಿಯಂತ್ರಣ ಸಾಮಾನ್ಯವಾಗಿ 1974ಕ್ಕೆ ಮುಂಚೆ ಕಟ್ಟಿದ, ಆರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಿಗೆ. ಕಾರಣವಿಲ್ಲದೆ ಬಿಡಿಸಬಾರದು ಅನ್ನುವ 2024ರ ಕಾನೂನು ಸಣ್ಣ ಓನರ್‌ಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ಮನೆ ಮಾರುವ ಜಾಹೀರಾತುಗಳಲ್ಲಿ 'ಡೆಲಿವರ್ಡ್ ವೇಕೆಂಟ್' ಅನ್ನುವ ಎರಡು ಪದ ಮತ್ತೆ ಮತ್ತೆ ಕಾಣುತ್ತವೆ. ಖಾಲಿ ಮಾಡಿಸಿ ಕೊಡುತ್ತೇವೆ ಅಂತ ಅರ್ಥ. ಕೊಳ್ಳಲು ಹೋದವರು ಪ್ಲಂಬಿಂಗ್, ಛಾವಣಿ, ಗ್ಯಾಸ್ ಲೈನ್ ಎಲ್ಲ ವಿಚಾರಿಸುತ್ತಾರೆ. ಮೇಲೆ ಯಾರಿದ್ದಾರೆ, ಎಷ್ಟು ವರ್ಷದಿಂದ ಇದ್ದಾರೆ ಅಂತಲೂ ದಯವಿಟ್ಟು ಕೇಳಿ. ಕರಾರು ಮುಗಿದಮೇಲೆ, ಅಲ್ಲೇ ಇಪ್ಪತ್ತು ವರ್ಷ ಇದ್ದವರಿಗೂ ಓನರ್ ಕೊಡಬೇಕಾದ ನೋಟಿಸ್ 90 ದಿನದ್ದು. ಅಷ್ಟು ದಿನದಲ್ಲಿ ಅದೇ ಬೀದಿಯಲ್ಲಿ, ಅದೇ ಬಾಡಿಗೆಗೆ ಇನ್ನೊಂದು ಮನೆ ಹುಡುಕಬೇಕು ಅವರು.