ಕೌಂಟರಿಗೆ ಬರುವ ಮೊದಲೇ ಮುಗಿದ ತಪಾಸಣೆ

ಏಷ್ಯಾ-ಪೆಸಿಫಿಕ್ ದೇಶಗಳ ಆರ್ಥಿಕ ಸಹಕಾರ ಕೂಟವಾದ ಎಪೆಕ್ ವ್ಯಾಪಾರಸ್ಥರ ಓಡಾಟಕ್ಕೆಂದು ಕೊಡುವ ಬಿಸಿನೆಸ್ ಟ್ರಾವೆಲ್ ಕಾರ್ಡಿನ ಹಿಂಬದಿಯಲ್ಲಿ ಮೂರಕ್ಷರದ ಸಂಕೇತಗಳು ಸಾಲಾಗಿರುತ್ತವೆ. ಯಾವ ದೇಶದ ಸಂಕೇತ ಅಲ್ಲಿದೆಯೋ ಆ ದೇಶ ಕಾರ್ಡುದಾರರಿಗೆ ಮುಂಚಿತವಾಗಿಯೇ ಒಪ್ಪಿಗೆ ಕೊಟ್ಟಿದೆ ಎಂದರ್ಥ. ಬೇರೆ ವೀಸಾ ಬೇಡ, ಇಳಿದ ಮೇಲೆ ಪ್ರತ್ಯೇಕ ಸಾಲು. ಪಕ್ಕದ ಉದ್ದನೆಯ ಸರದಿಯಲ್ಲಿ ನಿಂತವರಿಗೆ ಇದು ತಪಾಸಣೆಯಿಂದಲೇ ಸಿಕ್ಕ ವಿನಾಯಿತಿಯಂತೆ ಕಾಣಬಹುದು. ನಿಜವಾಗಿ ಆ ತಪಾಸಣೆ ಪ್ರಯಾಣಕ್ಕೆ ಎಷ್ಟೋ ದಿನ ಮೊದಲೇ, ಬೇರೆ ಯಾರದೋ ಮೇಜಿನ ಮೇಲೆ ಮುಗಿದಿರುತ್ತದೆ.

ಇಲ್ಲಿಗೆ ಬಂದು ಮುಟ್ಟಿದ ದಾರಿ ಉದ್ದನೆಯದು. 1920ರಲ್ಲಿ ಲೀಗ್ ಆಫ್ ನೇಷನ್ಸ್ ಪ್ಯಾರಿಸ್‌ನಲ್ಲಿ ಕರೆದ ಸಮ್ಮೇಳನ ಪಾಸ್‌ಪೋರ್ಟಿಗೆ ಏಕರೂಪದ ಪುಸ್ತಿಕೆಯ ಆಕಾರವನ್ನು ಸೂಚಿಸಿತು. 1980ರಲ್ಲಿ ಯಂತ್ರ ಓದಬಲ್ಲ ಪಾಸ್‌ಪೋರ್ಟಿನ ಅಂತರರಾಷ್ಟ್ರೀಯ ಮಾನದಂಡ ಬಂತು. ಫೋಟೊ ಪುಟದ ಅಡಿಯಲ್ಲಿರುವ 44 ಅಕ್ಷರಗಳ ಎರಡು ಸಾಲು ಅದರ ಕೊಡುಗೆ. ಅಧಿಕಾರಿಗೆ ಬರೆದುಕೊಳ್ಳುವ ಕೆಲಸ ತಪ್ಪಿತು, ಪ್ರಯಾಣಿಕರಿಗೆ ಪ್ರಶ್ನೆಗಳು ತಪ್ಪಲಿಲ್ಲ.

1993ರಲ್ಲಿ ಅಮೆರಿಕ ಇನ್ಸ್‌ಪಾಸ್ ಎಂಬ ವ್ಯವಸ್ಥೆಯನ್ನು ಪ್ರಯೋಗಕ್ಕಿಳಿಸಿತು. ಪದೇ ಪದೇ ಬಂದುಹೋಗುವವರು ಮೊದಲೇ ಹೆಸರು ನೋಂದಾಯಿಸಿ, ಹಿನ್ನೆಲೆ ಪರಿಶೀಲನೆಗೆ ಒಪ್ಪಿಕೊಳ್ಳಬೇಕಿತ್ತು. ಆಮೇಲೆ ಕಾರ್ಡ್ ತೂರಿಸಿ, ಯಂತ್ರದ ತಟ್ಟೆಯ ಮೇಲಿನ ಗೂಟಗಳ ನಡುವೆ ಬೆರಳುಗಳನ್ನಿಟ್ಟರೆ ಸಾಕು. ಬೆರಳಚ್ಚಿನ ಗೊಡವೆಗೆ ಹೋಗದೆ ಯಂತ್ರ ಕೈಯ ಆಕಾರವನ್ನಷ್ಟೇ ಅಳೆಯುತ್ತಿತ್ತು. ಇಂದು ನೋಡಿದರೆ ದರ್ಜಿಯ ಅಂಗಡಿಯ ನೆನಪಾಗುತ್ತದೆ. 2001ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ನಿಲ್ದಾಣ ಇದೇ ಕೆಲಸಕ್ಕೆ ಕಣ್ಣಿನ ಪಾಪೆಯ ಸುತ್ತಲಿನ ವಿನ್ಯಾಸವನ್ನು ಬಳಸಿತು. 2008ರಲ್ಲಿ, ಮೊದಲೇ ಪರಿಶೀಲನೆಯಾದವರನ್ನು ಬೇಗ ಒಳಬಿಡುವ ಅಮೆರಿಕದ ಗ್ಲೋಬಲ್ ಎಂಟ್ರಿ ಯೋಜನೆ ಶುರುವಾಯಿತು.

ಇವೆಲ್ಲ ಒಂದೊಂದು ದೇಶ ತನ್ನ ಬಾಗಿಲಿಗೆ ತಾನೇ ಮಾಡಿಕೊಂಡ ಏರ್ಪಾಡು. 1997ರಲ್ಲಿ ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾ ಮತ್ತು ಫಿಲಿಪ್ಪೀನ್ಸ್ ಪ್ರಾಯೋಗಿಕವಾಗಿ ಆರಂಭಿಸಿದ ಎಪೆಕ್ ಕಾರ್ಡಿನ ಹೊಸತನ ಇರುವುದು ಇಲ್ಲೇ: ಅರ್ಜಿ ತವರಿನಲ್ಲಿ ಒಂದೇ, ಒಪ್ಪಿಗೆ ಹಲವರದು. ತಲೆನೋವೂ ಅಲ್ಲಿಂದಲೇ ಹುಟ್ಟಿತು. ಒಂದು ದೇಶ ಬೇಗ ಒಪ್ಪಿದರೆ ಇನ್ನೊಂದು ತಿಂಗಳುಗಟ್ಟಲೆ ಎಳೆಯುತ್ತಿತ್ತು. ಕಾರ್ಡ್ ಅಚ್ಚಾದ ಮೇಲೆ ಬಂದ ಒಪ್ಪಿಗೆಯನ್ನು ಪ್ಲಾಸ್ಟಿಕ್ಕಿನ ಮೇಲೆ ಸೇರಿಸುವುದು ಹೇಗೆ? ಮತ್ತೊಂದು ಕಾರ್ಡನ್ನೇ ಅಚ್ಚು ಹಾಕಬೇಕಾಗಿತ್ತು. 2021ರಲ್ಲಿ ಮೊಬೈಲ್ ಕಾರ್ಡ್ ಬಂದ ಮೇಲೆ ಹೊಸ ಒಪ್ಪಿಗೆಗಳು ತಾವಾಗಿಯೇ ಸೇರಿಕೊಳ್ಳುತ್ತಿವೆ. ಅದಕ್ಕೂ ಮೊದಲು, 2015ರಲ್ಲಿ, ಕಾರ್ಡಿನ ಅವಧಿಯನ್ನು 3 ವರ್ಷದಿಂದ 5 ವರ್ಷಕ್ಕೆ ಏರಿಸಲಾಗಿತ್ತು.

ಅಮೆರಿಕ ಮತ್ತು ಕೆನಡಾ ಮಾತ್ರ ಈ ಮುಂಗಡ ಒಪ್ಪಿಗೆಯ ಗೋಜಿಗೆ ಹೋಗಿಲ್ಲ. ಅಲ್ಲಿ ಕಾರ್ಡ್ ತೋರಿಸಿದರೆ ಸಿಗುವುದು ಚಿಕ್ಕ ಸಾಲು ಅಷ್ಟೆ; ವೀಸಾ ಬೇಕಾದವರು ಅದನ್ನು ಬೇರೆಯೇ ಪಡೆದು ಬರಬೇಕು.